ಮೂರನೆಯ ದಿನದ ಉತ್ತರ

ಜಡೇಸ್ವಾಮಿಯನ್ನು ಸೋಮವಾರ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿದ್ದುದು ಗುರುವಾರ. ಇದರಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇಲ್ಲ. 1963ರ ಆಷಾಢದಲ್ಲಿ ನಾನು ಹನೂರಿನ ಹತ್ತಿರದ ಸರ್ಕಾರಿ ರೇಷ್ಮೆ ತೋಟಕ್ಕೆ ಡೆಮಾನ್‌ಸ್ಟ್ರೇಟರ್ ಆಗಿ ಬಂದಿಳಿದ ದಿನ, ಹುಳುಮನೆಯ ಬಾಗಿಲಲ್ಲಿ ನಿಂತಿದ್ದ ನೀಳಕಾಯದ ಆಳೊಬ್ಬನನ್ನು "ನಿಮ್ಮೂರು ಯಾವುದಪ್ಪ?" ಎಂದು ಕೇಳಿದೆ. ಆತ ನನ್ನ ಭುಜದಾಚೆ ಎಲ್ಲೋ ದೃಷ್ಟಿ ನೆಟ್ಟು ಸುಮ್ಮನೆ ನಿಂತಿದ್ದ. ಕಿವಿ ಕೇಳಿಸದವನಿರಬೇಕೆಂದುಕೊಂಡು ಒಳಗೆ ಹೋದೆ. ಮೂರು ದಿನ ಕಳೆದ ಮೇಲೆ, ಬಾಡಿದ ಸೊಪ್ಪು ತಂದವನ ಮೇಲೆ ನಾನು ರೇಗಾಡುತ್ತಿದ್ದಾಗ, ಆತ ಪಕ್ಕಕ್ಕೆ ಬಂದು "ರಾಮಾಪುರದ್ ದಾರಿ ಸಾ. ಉಣಸೆ ತೋಪಿನ್ ಆಚ್ಗೆ" ಎಂದು ಹೇಳಿ ಹೊರಟುಹೋದ. ಅಷ್ಟರಲ್ಲಿ ನನ್ನ ಪ್ರಶ್ನೆ ನನಗೇ ಮರೆತುಹೋಗಿತ್ತು.

ಆಗ ಅವನಿಗೆ ಮೂವತ್ತರ ಆಸುಪಾಸು. ಹಿಮ್ಮಡಿ ನೆಲಕ್ಕೆ ತಾಗದಂತೆ, ಮಲಗಿದ ಮಗುವಿರುವ ಕೋಣೆಯಲ್ಲಿ ನಡೆದಾಡುವ ತಾಯಿಯ ಹಾಗೆ, ಸದಾ ತುದಿಗಾಲಲ್ಲಿ ನಡೆಯುತ್ತಿದ್ದ. ಮೈಮೇಲೆ ಯಾವನೋ ಫಾರೆಸ್ಟ್ ಗಾರ್ಡು ಕೊಟ್ಟ ದಪ್ಪನೆಯ ಖಾಕಿ ಕೋಟು. ಚೈತ್ರದ ಉರಿಬಿಸಿಲಿನಲ್ಲೂ ಅದರ ಗುಂಡಿಗಳು ಕೊರಳವರೆಗೆ ಬಿಗಿದೇ ಇರುತ್ತಿದ್ದವು. ವಾರಕ್ಕೊಮ್ಮೆ ಅವನ ಅತ್ತಿಗೆ ಅದನ್ನು ಒಗೆದು ಹರವಿದರೆ, ಅದು ಒಣಗುವವರೆಗೂ ಅವನು ಬೇಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ. ರಸ್ತೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತೋ, ಕೋಟಿನ ಕಾಲರು ಕಿವಿಗೇರುತ್ತಿತ್ತು. "ಈ ಬಿಸಿಲಲ್ಲಿ ಅದ್ಯಾಕೆ ಕೋಟು?" ಎಂದು ಕೇಳಿ, ಮೂರು ದಿನ ಕಾದು ನಾನು ಪಡೆದ ಉತ್ತರ: "ಅಮುಕ್ಕಂಡಿರ್ತದೆ ಸಾ. ಚೆಂದಾಗಿರ್ತದೆ."

ಮಾಡು ಎಂದದ್ದನ್ನು ತಕ್ಷಣ ಮಾಡುತ್ತಿದ್ದ. ಹೇಳು ಎಂದದ್ದಕ್ಕೆ ಮಾತ್ರ ಅವನಿಗೆ ಕಾಲಾವಕಾಶ ಬೇಕಾಗಿತ್ತು. ಹುಳುಮನೆ ಅವನಿಗೆ ಹೇಳಿ ಮಾಡಿಸಿದಂಥ ಜಾಗ. ಅಲ್ಲಿ ಗಲಾಟೆ ಕೂಡದು, ಬೀಡಿಯ ಹೊಗೆ ಕೂಡದು, ಹೊರಗಿನವರು ಕಾಲಿಡಕೂಡದು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಆ ಸರಸರ ಸದ್ದನ್ನು ಬಿಟ್ಟರೆ ಬೇರೆ ಸದ್ದೇ ಇಲ್ಲ. ಹುಳು ಹರಡಿದ ಬಿದಿರು ತಟ್ಟೆಯಿಂದ ತಟ್ಟೆಗೆ ತುದಿಗಾಲಲ್ಲಿ ಚಲಿಸುತ್ತ, ಮೂಗನ್ನು ಸೊಪ್ಪಿನ ಸಮೀಪಕ್ಕೆ ಒಯ್ದು, ರೋಗ ತಗಲಿದ ತಟ್ಟೆಯನ್ನು ನಮಗಿಂತ ಒಂದು ದಿನ ಮೊದಲೇ ಹೊರಕ್ಕೆ ತಂದಿಡುತ್ತಿದ್ದ. ನಾವು ಪುಸ್ತಕ ಓದಿ ಬಂದವರು. ಮೊದಮೊದಲು ನಂಬಲಿಲ್ಲ, ನಂಬದೆ ನಷ್ಟ ಮಾಡಿಕೊಂಡೆವು.

ಅವನನ್ನು ನನಗೆ ಅರ್ಥ ಮಾಡಿಸಿದವರು ಅವನ ಅತ್ತಿಗೆ ಚನ್ನಾಜಮ್ಮ. ರೇಷ್ಮೆಹುಳು ತನ್ನ ಪುಟ್ಟ ಬಾಳಿನಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಹುಳು ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂತಿರುತ್ತದೆ. ಆಗ ಕೈ ಹಾಕಿದರೆ ಹುಳು ಕೆಟ್ಟಿತು. ಜಡೇಸ್ವಾಮಿಯೂ ಒಮ್ಮೊಮ್ಮೆ ಹಾಗೇ ಆಗುತ್ತಿದ್ದ. ಒಂದು ದೀಪಾವಳಿಗೆ ಅವರು ನನ್ನನ್ನು ಊಟಕ್ಕೆ ಕರೆದಿದ್ದರು. ನೆಂಟರ ಗದ್ದಲ, ಪಟಾಕಿ, ಹತ್ತು ಮಂದಿಯ ಪ್ರಶ್ನೆಗಳು. ಅವನು ನಡುಮನೆಯ ಮೂಲೆಗೆ ಬೆನ್ನು ಕೊಟ್ಟು, ತಲೆಯೆತ್ತಿ, ಶಿಲೆಯಂತೆ ಕೂತುಬಿಟ್ಟಿದ್ದ. ನಾನು ಗಾಬರಿಯಾಗಿ ಭುಜ ಮುಟ್ಟಲು ಹೋದರೆ ಚನ್ನಾಜಮ್ಮ ತಡೆದರು.

"ಜ್ವರಕ್ ಕೂತವ್ನೆ ಸಾ. ಮುಟ್ಬ್ಯಾಡಿ, ಮಾತಾಡುಸ್ಬ್ಯಾಡಿ. ತಾನಾಗೇ ಎದ್ದಾನು."

ಎದ್ದ, ಮರುದಿನ ಮಧ್ಯಾಹ್ನದ ಹೊತ್ತಿಗೆ. ಈಗಿನ ವೈದ್ಯರು ಇಂಥದ್ದಕ್ಕೆ ಆಟಿಸಂ ಎಂಬ ಹೆಸರಿಟ್ಟಿದ್ದಾರೆ. ಇರಲಿ, ಹೆಸರು ಬೇಕು. ಆದರೆ ಆ ಹೆಸರಿನ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಲ್ಲಿ ಅಕ್ಷರ ಕಲಿಯದ ಆ ಹೆಂಗಸಿನ ಮಾತಿಗಿಂತ ಉಪಯೋಗದ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಅವನ ಅಣ್ಣ ಪುಟ್ಟಮಾದಪ್ಪ ಕೆಟ್ಟವನಲ್ಲ, ಬೇಸತ್ತವನು. ತಮ್ಮನದು ದಿನಗೂಲಿ, ಇವತ್ತು ಇದ್ದರೆ ನಾಳೆ ಇಲ್ಲ. 1966ರಲ್ಲಿ ತೋಟಕ್ಕೆ ಒಂದು ಕಾಯಂ ಹುದ್ದೆ ಮಂಜೂರಾಯಿತು. ಪುಟ್ಟಮಾದಪ್ಪ ಖಡಾಖಂಡಿತವಾಗಿ ಹೇಳಿದ: "ಕಾಯಂ ಆದ್ರೆ ಮನೇಲಿರ್ಲಿ ಸಾ. ಇಲ್ದಿದ್ರೆ ಮಾದಪ್ಪನ್ ಬೆಟ್ಟಕ್ ಬುಟ್ ಬತ್ತೀನಿ. ದಾಸೋಹದಲ್ಲಿ ಪಾತ್ರೆ ತೊಳ್ಕಂಡಿರ್ಲಿ." ಬಸ್ಸಿನ ಹಾರನ್ನಿಗೆ ಕಿವಿ ಮುಚ್ಚಿಕೊಳ್ಳುವವನು ಪರಿಷೆಯ ಉಘೇ ಉಘೇ ಘೋಷದ ನಡುವೆ, ಪಾತ್ರೆಗಳ ಆ ಗಲಗಲದ ನಡುವೆ, ಚನ್ನಾಜಮ್ಮನೂ ಇಲ್ಲದೆ, ಹುಳುಗಳೂ ಇಲ್ಲದೆ ಎಷ್ಟು ದಿನ ಉಳಿದಾನು?

ಸಂದರ್ಶನ ಕೊಳ್ಳೇಗಾಲದ ರೇಷ್ಮೆ ಇಲಾಖೆಯ ಕಚೇರಿಯಲ್ಲಿ, ಒಂದು ಶುಕ್ರವಾರ. ಚನ್ನಾಜಮ್ಮ ಅವನ ತಲೆಗೆ ಸೆರಗು ಮುಚ್ಚಿ ಬಸ್ಸಿನಲ್ಲಿ ಕರೆತಂದಿದ್ದರು. ಸಾಹೇಬರು ವೃಷಭೇಂದ್ರಪ್ಪ, ಪ್ರಾಮಾಣಿಕರು, ಆದರೆ ಮೂಗಿನ ತುದಿಯಲ್ಲೇ ಕೋಪ. ಮೇಜನ್ನು ಪೆನ್ಸಿಲಿನಿಂದ ಕುಟ್ಟುತ್ತ ಮೂರು ಪ್ರಶ್ನೆ ಕೇಳಿದರು. ಹೆಸರೇನು? ಎಷ್ಟು ವರ್ಷದಿಂದ ಕೆಲಸ? ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಹಾಕೋದು ಯಾವಾಗ? ಜಡೇಸ್ವಾಮಿ ಕಿಟಕಿಯ ಸರಳುಗಳನ್ನು ನೋಡುತ್ತ ನಿಂತಿದ್ದ. ಸಾಹೇಬರು ಎರಡು ನಿಮಿಷ ಕಾದರು; ಅವರ ಮಟ್ಟಿಗೆ ಅದೇ ದೊಡ್ಡ ತಪಸ್ಸು.

"ಏನ್ರೀ ಇದು? ಬಾಯಿ ಬರದವನನ್ನು ಕರ್ಕೊಂಡು ಬಂದಿದ್ದೀರಲ್ಲ!" ಎಂದು ನನ್ನತ್ತ ತಿರುಗಿದರು.

ಫೈಲು ಹಿಡಿದು ಮೂಲೆಯಲ್ಲಿ ಕೂತಿದ್ದ ನಾನು ಆಗ ಎದ್ದು, ಸಾರ್, ಸೋಮವಾರದವರೆಗೆ ಕಾಯಿರಿ, ಇವನು ಉತ್ತರ ಕೊಡುತ್ತಾನೆ ಎನ್ನಬೇಕಾಗಿತ್ತು. ಎನ್ನಲಿಲ್ಲ. ನನ್ನ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ನಗೆಪಾಟಲಾದೇನೆಂಬ ಭಯ ಬೇರೆ. ಅವರು ಹೆಸರಿನ ಮೇಲೆ ಗೆರೆ ಎಳೆದದ್ದನ್ನು ನೋಡುತ್ತ ಕೂತೆ.

ಮುಂದಿನದನ್ನು ನನಗೆ ಹೇಳಿದವರು ಸ್ವತಃ ಸಾಹೇಬರೇ. ಸೋಮವಾರ ಹಗಲು ಹನ್ನೊಂದರ ಸುಮಾರಿಗೆ, ಅವರು ರೇಷ್ಮೆಗೂಡಿನ ವ್ಯಾಪಾರಿಗಳೊಡನೆ ಮಾತಾಡುತ್ತಿದ್ದಾಗ, ಬಾಗಿಲಲ್ಲಿ ಖಾಕಿ ಕೋಟು ಕಾಣಿಸಿತಂತೆ. ಹನೂರಿನಿಂದ ಹದಿನೈದು ಮೈಲಿ, ನಡೆದೇ ಬಂದಿದ್ದ. ಕಾಲೆಲ್ಲ ಕೆಂಪು ಧೂಳು. ಶುಕ್ರವಾರ ನಿಂತಿದ್ದ ಜಾಗದಲ್ಲೇ ಬಂದು ನಿಂತು, ಕಿಟಕಿಯನ್ನೇ ನೋಡುತ್ತ ಹೇಳಿದನಂತೆ: "ಜಡೇಸ್ವಾಮಿ. ಎಂಟ್ ವರ್ಸ ಸಾ." ಆಮೇಲೆ ಒಮ್ಮೆ ಉಸಿರೆಳೆದುಕೊಂಡು: "ಎಲ್ಲಾವೂ ಏಳೋಗಂಟ ಸೊಪ್ಪು ಆಕ್ಬಾರ್ದು. ಮೊದ್ಲು ಎದ್ದವು ಕಾಯ್ಬೇಕು, ಕಡೇದು ಏಳೋಗಂಟ." ಹೇಳಿ, ತಿರುಗಿ, ಬಂದ ದಾರಿಯಲ್ಲೇ ನಡೆದುಹೋದನಂತೆ.

ಮರುದಿನ ಸಾಹೇಬರ ಜೀಪು ತೋಟಕ್ಕೆ ಬಂತು. ನನ್ನನ್ನು ಹೊರಗೆ ಕರೆದು ಕೇಳಿದರು.

"ಇವನು ಹೀಗೆ ಅಂತ ನಿಮಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತು ಸಾರ್."

"ಮತ್ಯಾಕ್ರೀ ಬಾಯಿ ಬಿಡಲಿಲ್ಲ?"

ಜಡೇಸ್ವಾಮಿಗಾದರೆ ಮೂರು ದಿನ ಸಾಕಾಗುತ್ತಿತ್ತು. ಹೆದರಿದ್ದೆ ಎಂಬ ಒಂದು ಮಾತು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಶನಿವಾರವೇ ಆರ್ಡರು ಬೇರೊಬ್ಬನ ಹೆಸರಿಗೆ ಹೋಗಿಬಿಟ್ಟಿತ್ತು. ಪುಟ್ಟಮಾದಪ್ಪ ಬೆಟ್ಟಕ್ಕೆ ಹೊರಡಲು ದಿನ ನೋಡಿದ. ಚನ್ನಾಜಮ್ಮ ತಮ್ಮ ಸೀರೆಯೊಂದನ್ನೂ ಮೈದುನನ ಬಟ್ಟೆಗಂಟಿಗೇ ಸೇರಿಸಿ ಕಟ್ಟಿ ಜಗಲಿಯಲ್ಲಿಟ್ಟರು. "ನಾನೂ ಅಲ್ಲೇ ಪಾತ್ರೆ ತೊಳ್ಕಂಡಿರ್ತೀನಿ. ಇಬ್ರುನ್ನೂ ಬುಟ್ ಬನ್ನಿ." ಗಂಡ ಗಂಟನ್ನು ನೋಡಿದ, ಹೆಂಡತಿಯನ್ನು ನೋಡಿದ, ಹೊಲದ ಕಡೆಗೆ ಹೋದ. ಹಾಗೆ ಒಂದು ವರ್ಷ ಕಳೆಯಿತು.

ಮರುವರ್ಷ ಇನ್ನೊಂದು ಹುದ್ದೆ ಬಂತು. ಸಂದರ್ಶನ ಗುರುವಾರ. ಸೋಮವಾರವೇ ವೃಷಭೇಂದ್ರಪ್ಪನವರು ತಪಾಸಣೆಯ ನೆಪದಲ್ಲಿ ಹುಳುಮನೆಗೆ ಬಂದರು. ಜೋಡು ಹೊರಗೆ ಬಿಟ್ಟು, ದನಿ ತಗ್ಗಿಸಿ, ತಟ್ಟೆಗಳಿಗೇ ಹೇಳುವವರಂತೆ ಮೂರು ಪ್ರಶ್ನೆಗಳನ್ನು ಓದಿ ಹೊರಬಂದರು. ನಾನು ಬೆರಗಾಗಿ ನೋಡುತ್ತಿದ್ದೆ. "ಪ್ರಶ್ನೆ ಯಾವತ್ತು ಕೇಳ್ಬೇಕು ಅಂತ ರೂಲ್ಸಲ್ಲಿ ಬರೆದಿಲ್ಲ ಕಣ್ರೀ" ಎಂದು ಜೀಪು ಹತ್ತಿದರು. ಗುರುವಾರ ಜಡೇಸ್ವಾಮಿ ಕೋಣೆಯೊಳಗೆ ಹೋದವನೇ, ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ, ಮೂರೂ ಉತ್ತರ ಒಪ್ಪಿಸಿದ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಚನ್ನಾಜಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ನಾನೂ ಅತ್ತೆ, ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

1971ರಲ್ಲಿ ನನಗೆ ಚನ್ನಪಟ್ಟಣಕ್ಕೆ ವರ್ಗವಾಯಿತು. ಹನೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಳಿಸಲು ಬಂದವರ ಗುಂಪಿನಿಂದ ದೂರದಲ್ಲಿ, ಕಾಲರನ್ನು ಕಿವಿಗೇರಿಸಿಕೊಂಡು ಅವನೂ ನಿಂತಿದ್ದ. ಎಂಟು ವರ್ಷ ಜೊತೆಗಿದ್ದೂ ಬುದ್ಧಿ ಬಾರದ ನಾನು ಬಸ್ಸಿನ ಕಿಟಕಿಯಿಂದ ಕೂಗಿದೆ: "ಜಡೇಸ್ವಾಮಿ, ನನ್ನ ನೆನಪು ಇಟ್ಕೊಂಡಿರ್ತೀಯಾ?" ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟಿತು. ಖಾಕಿ ಕೋಟು ಧೂಳಿನಲ್ಲಿ ಚಿಕ್ಕದಾಗುತ್ತ ಹೋಯಿತು.

ಹದಿನೈದು ದಿನದ ಮೇಲೆ ಒಂದು ಕಾರ್ಡು ಬಂತು, ಚನ್ನಾಜಮ್ಮ ಯಾರ ಕೈಲೋ ಬರೆಸಿದ್ದು. ಕ್ಷೇಮಸಮಾಚಾರದ ಕೆಳಗೆ ನಾಲ್ಕು ಸಾಲು: "ನೀವು ಹೋದ ಮೂರನೇ ದಿನ ಮಧ್ಯಾಹ್ನದ ಸೊಪ್ಪು ಹಾಕಿ ಜಡೇಸ್ವಾಮಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದ. ನಿಮ್ಮ ಬಸ್ಸು ನಿಂತಿದ್ದ ಜಾಗದಲ್ಲಿ ನಿಂತು, ಊಂ ಸಾ, ಇಟ್ಕಂಡಿರ್ತೀನಿ ಅಂದನಂತೆ. ಟೀ ಅಂಗಡಿಯವರು ನಕ್ಕರಂತೆ. ನಿಮಗೆ ತಿಳಿಸಬೇಕು ಅನ್ನಿಸಿತು."

ಇಂಥವರಿಗೆ ಮಾತು ಬಾರದೆಂದು ನಾವು ಬಲು ಬೇಗ ತೀರ್ಮಾನಿಸುತ್ತೇವೆ. ಮೊದಲು ಎದ್ದವರು ನಾವು. ಕಾಯುವ ವ್ಯವಧಾನ ನಮಗಿಲ್ಲ. ಅವರ ಉತ್ತರ ಸಿದ್ಧವಾಗುವ ಹೊತ್ತಿಗೆ ನಾವು ಇನ್ನೊಂದು ಊರಿನಲ್ಲಿ, ಇನ್ನೊಬ್ಬರಿಗೆ ಇನ್ನೊಂದು ಪ್ರಶ್ನೆ ಕೇಳುತ್ತಿರುತ್ತೇವೆ. ಅವರು ಮಾತ್ರ ನಾವು ಬಿಟ್ಟುಹೋದ ಜಾಗಕ್ಕೆ ನಡೆದು ಬಂದು, ಕೇಳುವವರು ಯಾರೂ ಇಲ್ಲದಿದ್ದರೂ, ಹೇಳಬೇಕಾದದ್ದನ್ನು ಹೇಳಿಯೇ ಹೋಗುತ್ತಾರೆ.