ಗೆರೆ ಕಾಯಲು ಕೂತ ಹರಿಶ್ಚಂದ್ರ

ಹರಿಶ್ಚಂದ್ರನಿಗೆ ಬ್ಯಾಡ್ಮಿಂಟನ್ ಅರ್ಥವೇ ಆಗುತ್ತಿರಲಿಲ್ಲ ಎಂದರೆ ಪಾಪ, ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ನಡುವೆ ಬಲೆ, ಆಚೆ ಒಬ್ಬಳು, ಈಚೆ ಒಬ್ಬಳು, ಶಟಲು ಯಾರ ಅಂಗಳದಲ್ಲಿ ಬಿತ್ತೋ ಅವರಿಗೆ ನಷ್ಟ. ಇಷ್ಟು ಯಾರಿಗೂ ತಿಳಿಯುತ್ತದೆ. ಅವನ ತಲೆಗೆ ಹೋಗದೆ ಇದ್ದದ್ದು ಬೇರೆ. ವಾರವಿಡೀ ಒಂದೇ ಕ್ಲಬ್ಬಿನಲ್ಲಿ ಒಟ್ಟಿಗೆ ಆಡಿ, ಒಂದೇ ಬಾಟಲಿಯಿಂದ ನೀರು ಕುಡಿಯುವ ಇಬ್ಬರು ಹುಡುಗಿಯರು ಭಾನುವಾರ ಠಾಣೆ ನಗರಕ್ಕೆ ಹೋಗಿ ಒಬ್ಬರನ್ನೊಬ್ಬರು ಸೋಲಿಸಬೇಕು ಅಂದರೆ, ಇದು ಎಂಥ ಆಟ ಮಾರಾಯ್ರೆ?

ಅವನದು ಕಾಪು ಕಡೆ. ಅಲ್ಲಿ ಮರಳಿನ ಮೇಲೆ ವಾಲಿಬಾಲ್ ಆಡಿ ಬೆಳೆದವನು. ಗೆದ್ದರೆ ಆರು ಜನ ಗೆದ್ದರು, ಸೋತರೆ ಆರೂ ಜನ ಸೇರಿ ಅಂಪೈರಿಗೆ ಬೈದು, ಸೋಡಾ ಕುಡಿದು ಮನೆಗೆ ಹೋದರು. ಸೋಲು ಒಬ್ಬನ ಹೆಗಲಿಗೆ ಬೀಳುವ ಮಾತೇ ಇಲ್ಲ. ಆಮೇಲೆ ಊರು ಬಿಟ್ಟು ಮುಂಬಯಿ ಕಡೆಯ ಡೊಂಬಿವಲಿ ಸೇರಿ, ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ, ಈಗ ಮ್ಯಾನೇಜರ್ ಆಗಿ ಗಲ್ಲಾದ ಮೇಲೆ ಕೂತಿದ್ದ. ಎದುರಿಗಿದ್ದವನ ತಟ್ಟೆ ಮೊದಲು ತುಂಬಬೇಕು, ತನ್ನದು ಆಮೇಲೆ. ಹೋಟೆಲಿನಲ್ಲಿ ಕಲಿತದ್ದು ಅದೊಂದೇ, ಆದರೆ ಅದನ್ನು ಮನೆಗೂ ತಂದಿದ್ದ. ಮನೆಗೆ ಯಾರ ಮಗು ಬರಲಿ, ದೊಡ್ಡ ತುಂಡು ಆ ಮಗುವಿಗೆ. ಮಗಳು ಅಮಿತಾಳ ಹುಟ್ಟುಹಬ್ಬದ ಕೇಕಿನ ಮೇಲಿನ ಗುಲಾಬಿ ಹೂವು ಸಹ ಪ್ರತಿ ವರ್ಷ ಯಾರೋ ನೆಂಟರ ಮಗುವಿನ ಬಾಯಿಗೇ ಹೋಗುತ್ತಿತ್ತು. ಹೆಂಡತಿ ಮೋಹಿನಿ, "ನಮ್ಮ ಮಗುವಿಗೂ ಬಾಯಿ ಉಂಟು" ಎಂದು ಗೊಣಗಿದರೆ, "ಅವಳು ಮನೆಯವಳಲ್ಲವಾ, ನಾಳೆ ತಿಂತಾಳೆ" ಎನ್ನುತ್ತಿದ್ದ. ಆ ನಾಳೆ ಬಂದದ್ದು ಮಾತ್ರ ಯಾರೂ ಕಂಡಿಲ್ಲ.

ಈಚೆಗೆ ಆ ದೊಡ್ಡ ತುಂಡು ತಿನ್ನುತ್ತಿದ್ದವಳು ಹರ್ಷಿತಾ. ಅದೇ ಬಿಲ್ಡಿಂಗಿನ ನಾಲ್ಕನೇ ಮಾಳಿಗೆಯ ಅನಂತರಾಮರ ಮಗಳು. ಅನಂತರಾಮರು ಮೈಸೂರಿನವರು, ಮುಂಬಯಿಯ ಫೋರ್ಟ್ ಕಡೆ ಯಾವುದೋ ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಮಾತು ಬೆಣ್ಣೆ. ಅವರೇ ಇಬ್ಬರು ಹುಡುಗಿಯರನ್ನೂ ಬ್ಯಾಡ್ಮಿಂಟನ್ನಿಗೆ ಸೇರಿಸಿದವರು, ಅವರ ಕಾರಿನಲ್ಲೇ ಎಲ್ಲ ಟೂರ್ನಮೆಂಟಿಗೂ ಹೋಗುವುದು. ಹರಿಶ್ಚಂದ್ರನ ಪಾಲಿಗೆ ಹೋಟೆಲಿನಿಂದ ಡಬ್ಬಿ ತುಂಬಿ ತರುವ ಕೆಲಸ.

ಎರಡು ಸಾವಿರದ ಹನ್ನೊಂದರ ಡಿಸೆಂಬರಿನ ಆ ಭಾನುವಾರವೂ ಹಾಗೆಯೇ ಹೊರಟರು. ಹದಿಮೂರರೊಳಗಿನ ಹುಡುಗಿಯರ ಸೆಮಿಫೈನಲ್. ಫೈನಲ್ ತಲುಪುವ ಇಬ್ಬರನ್ನು ನೆರೂಳಿನಲ್ಲಿ ಒಂದು ತಿಂಗಳ ಕ್ಯಾಂಪಿಗೆ ಕರೆದುಕೊಳ್ಳುತ್ತಾರೆ, ದೊಡ್ಡ ಕೋಚ್ ಬರುತ್ತಾನೆ. ಅಮಿತಾ ಎರಡು ತಿಂಗಳಿನಿಂದ ನೆರೂಳ್, ನೆರೂಳ್ ಎಂದು ಜಪ ಮಾಡುತ್ತಿದ್ದಳು. ತೊಂದರೆ ಎಂದರೆ ಸೆಮಿಫೈನಲ್ಲಿನಲ್ಲಿ ಅವಳ ಎದುರು ಬಂದವಳು ಹರ್ಷಿತಾ. ಒಬ್ಬಳು ಹೋದರೆ ಇನ್ನೊಬ್ಬಳು ಮನೆಗೆ.

"ಇಬ್ಬರೂ ನಮ್ಮವರೇ ಅಲ್ವಾ ಸಾರ್, ಹೇಳಿ ಬೇರೆ ಬೇರೆ ಹಾಕಿಸಲು ಆಗೋದಿಲ್ವಾ?" ಹರಿಶ್ಚಂದ್ರ ಕಾರಿನಲ್ಲಿ ಕೇಳಿದ.

ಅನಂತರಾಮರು ನಕ್ಕರು. "ಇಂಡಿವಿಜುಯಲ್ ಗೇಮ್ ಅಂದ್ರೆ ಇದೇ ಹರಿಶ್ಚಂದ್ರ ಅವರೇ. ಟೆನ್ನಿಸ್ ತಗೊಳ್ಳಿ, ಟೇಬಲ್ ಟೆನ್ನಿಸ್ ತಗೊಳ್ಳಿ, ಕುಸ್ತಿ, ಬಾಕ್ಸಿಂಗ್, ಈಜು, ಚೆಸ್. ಯಾವುದರಲ್ಲೂ ಪಾಸ್ ಕೊಡೋಕೆ ಪಕ್ಕದಲ್ಲಿ ಒಬ್ಬ ಇರಲ್ಲ. ತಂದೆ ಇಲ್ಲ, ತಾಯಿ ಇಲ್ಲ, ಸ್ನೇಹಿತ ಇಲ್ಲ. ನೀವೊಬ್ಬರೇ."

ಹರಿಶ್ಚಂದ್ರ ಒಂದೊಂದನ್ನೇ ಕಣ್ಣ ಮುಂದೆ ತಂದು ನೋಡಿದ. ಬಾಕ್ಸಿಂಗಿನವನಿಗೆ ಮೂಲೆಯಲ್ಲಿ ಟವೆಲ್ ಬೀಸಲಿಕ್ಕಾದರೂ ಒಬ್ಬ ಇರುತ್ತಾನೆ. ಚೆಸ್ಸಿನವನಿಗೆ ಪದಾತಿಗಳಿದ್ದಾರೆ. ಈಜುವವನಿಗೆ? ತಲೆ ನೀರೊಳಗೆ, ಪಕ್ಕದವನ ಮುಖವೂ ಕಾಣುವುದಿಲ್ಲ. ಛೇ ಛೇ, ಇದೆಲ್ಲ ಮನುಷ್ಯರು ಆಡುವ ಆಟವಾ! ಹಿಂದಿನ ಸೀಟಿನಲ್ಲಿ ಹುಡುಗಿಯರಿಬ್ಬರೂ ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಅವರಿಗೆ ಯಾವ ಗೊಂದಲವೂ ಇದ್ದ ಹಾಗೆ ಕಾಣಲಿಲ್ಲ. ಅದು ಅವನಿಗೆ ಇನ್ನೂ ಗೊಂದಲ.

ಠಾಣೆಯ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಇವರ ಆಟ ಶುರುವಾಗುವ ಹೊತ್ತಿಗೆ ಊಟದ ಸಮಯ. ಗೆರೆ ನೋಡಬೇಕಾದ ಸ್ವಯಂಸೇವಕರೆಲ್ಲ ವಡಾಪಾವ್ ತಿನ್ನಲು ಹೋಗಿದ್ದರು. ಎತ್ತರದ ಕುರ್ಚಿಯಲ್ಲಿ ಕೂತ ಮರಾಠಿ ಅಂಪೈರ್ ಸುತ್ತ ನೋಡಿ, ಸುಮ್ಮನೆ ನಿಂತಿದ್ದ ಇಬ್ಬರು ಗಂಡಸರಿಗೆ ಕೈ ಮಾಡಿದ. "ಕಾಕಾ, ನೀವು ಈ ಗೆರೆ. ಸಾಹೇಬರೆ, ನೀವು ಆ ಗೆರೆ." ಆ ಇಬ್ಬರು ಯಾರ ಅಪ್ಪಂದಿರು ಎಂದು ಅವನು ಕೇಳಲಿಲ್ಲ. ಕರೆದ ಮೇಲೆ ಇಲ್ಲ ಎನ್ನುವುದು ಹೇಗೆ ಎಂದು ಇವರೂ ಹೇಳಲಿಲ್ಲ. ಅಂಪೈರ್ ಗಡಿಬಿಡಿಯಲ್ಲಿ ಮೂರು ಸನ್ನೆ ಕಲಿಸಿದ. ಒಳಗೆ ಬಿದ್ದರೆ ಬಲಗೈಯಿಂದ ಗೆರೆ ತೋರಿಸಿ. ಹೊರಗೆ ಬಿದ್ದರೆ ಎರಡೂ ಕೈ ಅಗಲಿಸಿ ಔಟ್ ಅನ್ನಿ. ಕಾಣದಿದ್ದರೆ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಿ.

ಹರಿಶ್ಚಂದ್ರ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಮೂರನ್ನೂ ಮನಸ್ಸಿನಲ್ಲೇ ಉರು ಹಚ್ಚಿದ. ಆಟ ಶುರುವಾಯಿತು. ಅಯ್ಯಬ್ಬಾ, ಆ ಹುಡುಗಿಯರು! ಕಾರಿನಲ್ಲಿ ಹಾಡು ಕೇಳುತ್ತಿದ್ದವರು ಇವರೇನಾ? ಹರ್ಷಿತಾ ಹಲ್ಲು ಕಚ್ಚಿ ಹೊಡೆಯುತ್ತಿದ್ದಳು, ಅಮಿತಾ ನೆಲಕ್ಕೆ ಬಿದ್ದು ಎದ್ದು ಹಿಂತಿರುಗಿಸುತ್ತಿದ್ದಳು. ಮಗಳ ಮುಖದಲ್ಲಿ ಇಂಥ ಸಿಟ್ಟನ್ನು ಅವನು ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ. ಹೆಮ್ಮೆ ಪಡಬೇಕೋ ಬೈಯಬೇಕೋ ತಿಳಿಯಲಿಲ್ಲ.

ಮೊದಲ ಗೇಮ್ ಇಪ್ಪತ್ತು-ಇಪ್ಪತ್ತು ಸಮವಾಯಿತು. ಆಗ ಅಮಿತಾ ಹಾರಿ ಒಂದು ಸ್ಮ್ಯಾಶ್ ಹೊಡೆದಳು. ಶಟಲು ಬಂದು ಹರಿಶ್ಚಂದ್ರನ ಕಾಲ ಮುಂದೆಯೇ, ಬಿಳೀ ಗೆರೆಯ ಮೇಲೆ, ಟಪ್ ಎಂದು ಬಿತ್ತು. ಕಣ್ಣಾರೆ ಕಂಡ. ಅಂಪೈರ್ ಅವನತ್ತ ನೋಡಿದ. ಹರ್ಷಿತಾ ನೋಡಿದಳು. ಆಚೆ ಗೆರೆಯಿಂದ ಅನಂತರಾಮರು ನೋಡಿದರು. ಅವರ ಕಾರಿನಲ್ಲಿ ಬಂದು, ಅವರ ಮಗಳ ಎದುರು, ತನ್ನ ಮಗಳಿಗೆ ತಾನೇ ಪಾಯಿಂಟ್ ಬಡಿಸಿಕೊಳ್ಳುವುದಾ? ನಾಲ್ಕು ಜನ ಏನೆಂದಾರು? ಬುದ್ಧಿ ಇನ್ನೂ ಯೋಚಿಸುತ್ತಿತ್ತು, ಕೈಗಳು ಕಾಯಲಿಲ್ಲ. ಎರಡೂ ಅಗಲವಾಗಿ ಚಾಚಿಕೊಂಡವು. "ಔಟ್," ಎಂದ.

ಅಮಿತಾ ರಾಕೆಟ್ ಕೆಳಗಿಳಿಸಿ ಅವನ ಕಡೆ ನೋಡಿದಳು. ಮುಂದಿನ ಪಾಯಿಂಟಿನಲ್ಲಿ ಅವಳ ಹೊಡೆತ ಬಲೆಗೆ ಸಿಕ್ಕಿತು, ಅಲ್ಲಿಗೆ ಮೊದಲ ಗೇಮ್ ಹರ್ಷಿತಾಳದಾಯಿತು.

ಅನಂತರಾಮರ ಮುಖ ನೋಡಬೇಕಿತ್ತು. ಸ್ವಂತ ಮಗಳ ವಿರುದ್ಧ ಔಟ್ ಕೊಟ್ಟ ಪುಣ್ಯಾತ್ಮ ಎಂದು ದೂರದಿಂದಲೇ ಕೈ ಮುಗಿದರು. ಮೈಸೂರಿನವರಿಗೆ ಮರ್ಯಾದೆ ಬಾಕಿ ಇಟ್ಟುಕೊಂಡು ಗೊತ್ತಿಲ್ಲ. ಎರಡನೇ ಗೇಮಿನ ನಡುವೆ ಅಮಿತಾ ಹೊಡೆದ ಶಟಲೊಂದು ಅವರ ಗೆರೆಯಿಂದ ಒಂದು ಅಂಗೈ ಆಚೆ ಬಿತ್ತು. ಅವರು ಬಲಗೈ ಚಾಚಿ, ಗಂಭೀರವಾಗಿ, ಒಳಗೆ ಎಂದು ಗೆರೆ ತೋರಿಸಿಬಿಟ್ಟರು!

"ಅಪ್ಪಾ!" ಹರ್ಷಿತಾ ಕಿರುಚಿದಳು. "ಅಷ್ಟು ದೂರ ಬಿದ್ದಿದೆ, ಕಣ್ಣು ಕಾಣಲ್ವಾ?"

ಅಮಿತಾ ಅಂಪೈರಿನ ಕುರ್ಚಿಯ ಬಳಿ ಹೋಗಿ, "ಸರ್, ಔಟ್ ಹೋತಾ," ಎಂದು ಮರಾಠಿಯಲ್ಲಿ ತಾನೇ ಹೇಳಿದಳು. ತನಗೆ ಬಂದ ಪಾಯಿಂಟನ್ನು ಹೊರಗೆ ಬಿದ್ದಿತ್ತೆಂದು ತಾನೇ ಬಿಟ್ಟುಕೊಟ್ಟಳು.

ಅಂಪೈರ್ ಅನಂತರಾಮರನ್ನು ನೋಡಿದ, ಹರ್ಷಿತಾಳನ್ನು ನೋಡಿದ, ಆಮೇಲೆ ಹರಿಶ್ಚಂದ್ರನನ್ನು ನೋಡಿದ. "ತುಮ್ಹೀ ವಡೀಲ್?" ಅಪ್ಪಂದಿರಾ ನೀವು? ಇಬ್ಬರೂ ತಲೆಯಾಡಿಸಿದರು. ಅವನು ಹಣೆ ಚಚ್ಚಿಕೊಂಡು, "ದೋಘೇಹೀ ಬಾಹೇರ್!" ಎಂದು ಬಾಗಿಲು ತೋರಿಸಿದ. ಇಬ್ಬರೂ, ಪ್ರಾಯವಾದ ಗಂಡಸರು, ಶಾಲೆಯಲ್ಲಿ ಹೊರಗೆ ಹಾಕಿಸಿಕೊಂಡ ಹುಡುಗರ ಹಾಗೆ ಹೋಗಿ ಬಾಗಿಲ ಹೊರಗೆ ನಿಂತರು.

ಬಾಗಿಲ ಗಾಜಿನಿಂದ ಅರ್ಧ ಕೋರ್ಟ್ ಮಾತ್ರ ಕಾಣುತ್ತಿತ್ತು. ಎರಡನೇ ಗೇಮ್ ಅಮಿತಾ ಗೆದ್ದಳು. ಚಪ್ಪಾಳೆ ಕೇಳಿದ್ದೇ ತಡ, ಹರಿಶ್ಚಂದ್ರ ಬೆರಳು ಮಡಚಿ ಲೆಕ್ಕ ಹಾಕಿದ. ಎರಡು ಗೇಮ್ ಗೆದ್ದವರಿಗೆ ಆಟ. ಎರಡನೆಯದು ಗೆದ್ದಳು. ಮೊದಲನೆಯದರಲ್ಲಿ ಆ ಒಂದು ಶಟಲು... ಅಯ್ಯೋ ದೇವರೇ. ಆಟ ಈಗ ಮುಗಿದು, ಅವಳು ನೆರೂಳಿಗೆ ಹೋಗಬಹುದಿತ್ತೇನೋ. ಮೂರನೇ ಗೇಮ್ ಎಂಬುದೇ ಬೇಕಿರಲಿಲ್ಲವೇನೋ. ಒಳಗೆ ಹೋಗಿ ಅಂಪೈರಿಗೆ ಹೇಳಿಬಿಡಲಾ? ಈಗ ಹೇಳಿದರೆ ಏನು ಬಂತು? ಹೇಳಿದರೆ ಹರ್ಷಿತಾಳಿಂದ ಕಿತ್ತುಕೊಂಡಂತೆ, ಹೇಳದಿದ್ದರೆ ಅಮಿತಾಳಿಂದ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟ, ತೆಗೆದ, ಮತ್ತೆ ಇಟ್ಟ. ಪಕ್ಕದಲ್ಲಿ ಅನಂತರಾಮರು, "ಟೆನ್ಷನ್ ಮಾಡ್ಕೋಬೇಡಿ, ಇಬ್ಬರೂ ನಮ್ಮ ಮಕ್ಕಳೇ," ಎಂದು ಬೆನ್ನು ತಟ್ಟುತ್ತಿದ್ದರು.

ಮೂರನೇ ಗೇಮಿನಲ್ಲಿ ಅಮಿತಾಳ ಕಾಲು ಸೋತವು. ಸ್ವಲ್ಪದರಲ್ಲಿ ಹರ್ಷಿತಾ ಗೆದ್ದಳು. ಸಂಜೆಯ ಫೈನಲ್ಲಿನಲ್ಲಿ ಅವಳು ಸೋತರೂ ಒಂದು ಸಣ್ಣ ಕಪ್ಪೂ ನೆರೂಳಿನ ಕ್ಯಾಂಪೂ ಸಿಕ್ಕಿತು. ಅಮಿತಾ ಗ್ಯಾಲರಿಯಲ್ಲಿ ಕೂತು ಹರ್ಷಿತಾಳಿಗಾಗಿ ಗಂಟಲು ಹರಿಯುವಷ್ಟು ಕೂಗಿದಳು. ಅಪ್ಪನ ಪಕ್ಕ ಮಾತ್ರ ಕೂರಲಿಲ್ಲ, ಡಬ್ಬಿಯಲ್ಲಿದ್ದದ್ದನ್ನೂ ಮುಟ್ಟಲಿಲ್ಲ.

ಹಿಂತಿರುಗುವಾಗ ಶಿಳ್‌ಫಾಟಾದಲ್ಲಿ ಟ್ರಾಫಿಕ್ ಜಾಮ್. ಲಾರಿಗಳ ನಡುವೆ ಕಾರು ನಿಂತೇ ಹೋಯಿತು. ಅನಂತರಾಮರು ಮಾತು ತೆಗೆದರು.

"ಏನೇ ಹೇಳಿ ಹರಿಶ್ಚಂದ್ರ ಅವರೇ, ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ನಾನಾಗಿದ್ದರೆ ಅಷ್ಟು ಹೊತ್ತಿನಲ್ಲಿ ಸ್ವಂತ ಮಗಳ ವಿರುದ್ಧ ಸತ್ಯ ಹೇಳ್ತಿರಲಿಲ್ಲ. ನೀವು ಹೇಳಿದ್ರಿ. ಹರ್ಷಿತಾ, ಅಂಕಲ್‌ಗೆ ಥ್ಯಾಂಕ್ಸ್ ಹೇಳು."

"ಥ್ಯಾಂಕ್ಯೂ ಅಂಕಲ್," ಎಂದಳು ಹರ್ಷಿತಾ.

ಹರಿಶ್ಚಂದ್ರನಿಗೆ ಕೂತ ಸೀಟು ಕಾದ ಕಾವಲಿಯಾಯಿತು. ಆಗ ಹಿಂದಿನಿಂದ ಅಮಿತಾ ಮಾತಾಡಿದಳು. ತುಳುವಿನಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ, ಕಾರಿನಲ್ಲಿದ್ದ ಬೇರೆಯವರಿಗೆ ತಿಳಿಯದಿರಲೆಂದು, ತಡವರಿಸುತ್ತ, ತುಳುವಿನಲ್ಲಿ ಕೇಳಿದಳು.

"ಪಪ್ಪಾ, ಅದು ಗೆರೆ ಮೇಲೆ ಬಿದ್ದದ್ದು ನಿಮಗೆ ಕಾಣಲಿಲ್ಲವಾ?"

"ಕಂಡಿತು."

"ಮತ್ತೆ?"

"ಅವಳು ಅವರ ಮಗಳಲ್ಲವಾ ಅಮಿತಾ," ಎಂದ ಹರಿಶ್ಚಂದ್ರ. ಅವನಿಗೆ ತಿಳಿದಿದ್ದ ಉತ್ತರ ಅದೊಂದೇ.

"ಹಾಗಾದರೆ ನಾನು ಯಾರ ಮಗಳು?"

ಹರಿಶ್ಚಂದ್ರನ ಎರಡೂ ಕೈ ಮೇಲೆದ್ದು ಕಣ್ಣಿನ ಹತ್ತಿರ ಬಂದವು. ಕಾಣಲಿಲ್ಲ ಎಂಬ ಆ ಮೂರನೇ ಸನ್ನೆಗೆ. ಅರ್ಧದಲ್ಲೇ ನಿಂತವು.

"ಏನಂತೆ? ಮಗಳಿಗೆ ಬೇಜಾರಾ?" ಅನಂತರಾಮರು ಕೇಳಿದರು.

ಏನಿಲ್ಲ ಸಾರ್ ಎನ್ನಲು ಬಾಯಿ ತೆರೆದವನು, "ಇಪ್ಪತ್ತು-ಇಪ್ಪತ್ತು ಇದ್ದಾಗ ಬಿದ್ದ ಆ ಶಟಲು ಒಳಗಿತ್ತಂತೆ ಸಾರ್," ಎಂದ. ಮುಂದಿನ ಕನ್ನಡಿಯಲ್ಲಿ ಅಮಿತಾ ಅವನನ್ನೇ ನೋಡುತ್ತಿದ್ದಳು. "ಅಂತೆ ಏನು, ಒಳಗೇ ಇತ್ತು. ನನಗೆ ಸರೀ ಕಂಡಿತ್ತು. ಸುಳ್ಳೇ ಔಟ್ ಕೊಟ್ಟೆ."

ಅನಂತರಾಮರು ಅವನತ್ತ ತಿರುಗಿದರು. ಹರ್ಷಿತಾ ತೊಡೆಯ ಮೇಲಿದ್ದ ಕಪ್ಪನ್ನು ತೆಗೆದು ಕಾಲ ಬಳಿ ಇಟ್ಟಳು. ಹಿಂದಿನ ಲಾರಿ ಸುಮ್ಮನೆ ಹಾರ್ನ್ ಹೊಡೆಯುತ್ತಿತ್ತು. ಪಾಪದ ಹುಡುಗಿ, ಗೆದ್ದ ಖುಷಿಯನ್ನೂ ತೆಗೆದುಬಿಟ್ಟೆನಲ್ಲ ಎಂದು ಹರಿಶ್ಚಂದ್ರನಿಗೆ ಅನಿಸಿತು. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಮೊದಲು ಮಾಡಿದ್ದು ತಪ್ಪೋ ಈಗ ಮಾಡಿದ್ದೋ, ಒಂದೂ ಬಗೆಹರಿಯಲಿಲ್ಲ.

ಹಿಂದೆ ಡಬ್ಬಿ ತೆರೆದ ಸದ್ದಾಯಿತು. ಅದರಲ್ಲಿ ಒಂದೇ ಒಂದು ಬನ್ಸ್ ಉಳಿದಿತ್ತು. ಹರ್ಷಿತಾಳಿಗೆ ಕೊಡು ಮಗಾ ಎಂಬ ಮಾತು ಹರಿಶ್ಚಂದ್ರನ ನಾಲಿಗೆಯ ತುದಿಗೆ ಬಂದು ನಿಂತಿತು. ಅಮಿತಾ ಬನ್ಸ್ ಮುರಿದಳು. ಸಮವಾಗಿ ಮುರಿಯಲಿಲ್ಲ. ಎರಡೂ ತುಂಡುಗಳನ್ನು ಎತ್ತಿ ನೋಡಿ, ಸಣ್ಣದನ್ನು ಹರ್ಷಿತಾಳ ಕೈಯಲ್ಲಿಟ್ಟು, ದೊಡ್ಡದನ್ನು ತಾನು ಬಾಯಿಗೆ ಹಾಕಿಕೊಂಡಳು. ಹರ್ಷಿತಾ ತನ್ನದನ್ನು ತಿಂದಳು.

ಹರಿಶ್ಚಂದ್ರ ನಾಲಿಗೆ ಕಚ್ಚಿಕೊಂಡು, ಕನ್ನಡಿಯಲ್ಲಿ ಮಗಳು ತಿನ್ನುವುದನ್ನು ನೋಡುತ್ತ ಕೂತ.