ಬಂಗಲೆಯ ಡಬ್ಬಿ

ಏಳು ಗುಡ್ಡದಾಚೆ ಒಬ್ಬ ರಾಕ್ಷಸನಿದ್ದನಂತೆ. ತನ್ನ ಆಳುಗಳ ಪ್ರಾಣವನ್ನೆಲ್ಲ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದನಂತೆ. ಯಾಕೆಂದು ಕೇಳಿದರೆ, ಹೊರಗಿದ್ದರೆ ಮಳೆಗೆ ನೆನೆಯುತ್ತವಲ್ಲ, ಅನ್ನುತ್ತಿದ್ದನಂತೆ. ನೌರೀನಳಿಗೆ ಈ ಕಥೆ ಹೇಳಿದ್ದು ಅವಳ ಅಜ್ಜಿ ಜೊಹರಾ. ಜಾವಳಿ ಊರಿನ ತೋಟದಲ್ಲಿ, ಕಾಫಿ ಕೊಯ್ಯುವ ಹೆಂಗಸರ ನಡುವೆ, ಅದು ಯಾಕೋ ನೆನಪಾಯಿತು.

ಅವಳು ಮೂಡಿಗೆರೆಯ ಕಾಫಿ ರಫ್ತು ಕಂಪನಿಯವಳು. ತಾವು ಕೊಳ್ಳುವ ಬೀಜದ ಹಿಂದೆ ಬಲವಂತದ ದುಡಿಮೆ ಇದೆಯೋ ಇಲ್ಲವೋ ಎಂದು ಹೊರದೇಶದ ವ್ಯಾಪಾರಿಗಳು ವರ್ಷವರ್ಷವೂ ಬಹಿರಂಗವಾಗಿ ಹೇಳಬೇಕು. ಅದು ಅಲ್ಲಿಯ ಕಾನೂನು. ಇಲ್ಲಿ ತೋಟತೋಟ ತಿರುಗಿ ವಿಚಾರಿಸುವುದು ನೌರೀನಳ ಕೆಲಸ.

"ಇಲ್ಲಿ ಹೇಗಿದ್ದೀರಿ?"

"ಆರಾಮ ಅದೀವ್ರಿ. ಸಾಹುಕಾರ್ರು ತಂದಿ ಇದ್ದಂಗ."

ಮೊದಲನೆಯವಳೂ ಹಾಗೇ ಅಂದಳು, ಎರಡನೆಯವಳೂ. ಪದ್ಯ ಬಾಯಿಪಾಠ ಒಪ್ಪಿಸಿದ ಹಾಗೆ. ತೋಟದ ಲೆಕ್ಕ ಬರೆಯುವ ರೈಟರ್ ಕಲ್ಲೇಶ್ ಸಿಲ್ವರ್ ಮರಕ್ಕೆ ಒರಗಿ ಕಿವಿಗೊಟ್ಟಿದ್ದ.

"ಕಲ್ಲೇಶಣ್ಣ, ಕುಡಿಯೋಕೆ ನೀರು ಸಿಗುತ್ತಾ?"

"ನನ್ನ ಸಾಗಹಾಕೋಕೆ ನೀರೇ ಬೇಕಾ ಮೇಡಂ?" ಎಂದು ನಕ್ಕ. ಆದರೂ ಹೋದ.

ತುಂಗಮ್ಮ ಎಂಬವಳು ಕೊಯ್ಯುವ ಕೈ ನಿಲ್ಲಿಸದೆ ಕೇಳಿದಳು: "ನೀ ಸಾಹುಕಾರನ ಕಡಿಯಾಕಿ, ಹೌದಿಲ್ಲೋ?"

"ಅಲ್ಲಮ್ಮ."

"ಎಲ್ಲಾರೂ ಹಂಗ ಅಂತಾರ. ಹೋದ ಸಲ ಬಂದಾಂವಗ ಹೇಳಿದ ಮಾತು ಸಂಜೀಕ ಬಂಗ್ಲೆಗೆ ಮುಟ್ಟಿತ್ತು."

ಕೆಟ್ಟ ಹಣ್ಣು ಆರಿಸುವವಳ ಹಾಗೆ ನೌರೀನಳ ಮುಖ ನೋಡಿದಳು. ಆಮೇಲೆ ದನಿ ತಗ್ಗಿಸಿದಳು. ರಾಯಚೂರಿನ ಕಡೆ ಊರು. ಮಗಳಿಗೆ ಚೊಚ್ಚಲ ಹೆರಿಗೆ, ದಿನ ತುಂಬಿವೆ. ಕೂಲಿ ಕೈಗೆ ಬರುವುದು ಕೊಯ್ಲು ಮುಗಿದ ಮೇಲೆ. ಅಸಲಿ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆದರೆ ಬಂದ ದಿನವೇ ಎಲ್ಲರ ಕಾರ್ಡೂ ಬಂಗಲೆ ಸೇರಿವೆ.

"ತಂದು ಕೊಡ್ತಿ?"

"ಕೊಡ್ತೀನಿ," ಅಂದುಬಿಟ್ಟಳು ನೌರೀನ್.

"ನೋಡೂಣು," ಅಂದಳು ತುಂಗಮ್ಮ, ನಂಬದೆ.

ಬಂಗಲೆಯಲ್ಲಿ ತೋಟದ ಒಡೆಯ ಶಾಂತವೀರಪ್ಪ ತಾವೇ ಕಾಫಿ ತಂದುಕೊಟ್ಟರು.

"ಕಾರ್ಡಾ? ಅವ್ರ ಒಳ್ಳೇದಕ್ಕೇ ಕಣಮ್ಮ. ಆಳುಗಳ ಲೈನ್ ಮನೆ ಸೋರುತ್ತೆ, ನೆಂದು ಹಾಳಾಗ್ತವೆ."

"ಈ ಚಳಿಗಾಲದಲ್ಲಾ ಸಾರ್?"

ಅವರ ನಗು ಅಲ್ಲೇ ನಿಂತಿತು. ಬೀರುವಿನಿಂದ ಒಂದು ಬಿಸ್ಕತ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಮುಚ್ಚಳದ ಮೇಲೆ ಕೈಯೂರಿದರು.

"ಯಾರು ಕೇಳಿದ್ದು? ಹೆಸರು ಹೇಳು, ಅವಳದ್ದು ಈಗ್ಲೇ ಕೊಡ್ತೀನಿ."

ಹೆಸರು ನೌರೀನಳ ನಾಲಿಗೆಯ ತುದಿಯಲ್ಲಿತ್ತು. ಹೋದ ಸಲ ಬಂದವನಿಗೂ ಹೀಗೇ ಕಾಫಿ ಸಿಕ್ಕಿತ್ತೇನೋ. ಲೋಟವನ್ನು ಮೇಜಿನ ಮೇಲಿಟ್ಟಳು.

"ಯಾರೂ ಕೇಳಿಲ್ಲ. ಡಬ್ಬೀನೇ ಕೊಡಿ."

"ಎಲ್ಲ ಓಡಿಹೋದ್ರೆ ನೀನು ಬಂದು ಕೊಯ್ತೀಯಾ?"

"ಕೊಡದಿದ್ರೆ ಕಂಡಿದ್ದು ಬರೀತೀನಿ ಸಾರ್. ಆಮೇಲೆ ಹೊರಗಿನವ್ರು ನಿಮ್ಮ ಕಾಫಿ ಮುಟ್ಟಲ್ಲ."

"ಕೊಟ್ರೆ ಬರಿಯಲ್ವಾ?"

"ಕೊಟ್ರೆ, ಕೊಟ್ಟಿದ್ದನ್ನೂ ಬರೀತೀನಿ."

ಶಾಂತವೀರಪ್ಪ ಮುಚ್ಚಳದ ಮೇಲಿಂದ ಕೈ ತೆಗೆದು, ಡಬ್ಬಿಯನ್ನು ಅವಳತ್ತ ತಳ್ಳಿದರು.

ತೋಟದಲ್ಲಿ ಕಲ್ಲೇಶ್ ತಂದಿಟ್ಟ ಚೊಂಬಿನ ನೀರು ಹಾಗೇ ಇತ್ತು. ಅವನು ಡಬ್ಬಿ ನೋಡಿ ಮರದಿಂದ ಬೆನ್ನು ಎತ್ತಿದ. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಕಾರ್ಡು ಒಯ್ದರು. ತುಂಗಮ್ಮ ಕೊನೆಗೆ ಬಂದಳು.

"ನನ್ನ ಹೆಸರ ಹೇಳಿದೇನು?" ತುಟಿ ಮಾತ್ರ ಅಲ್ಲಾಡಿತು.

"ಇಲ್ಲ."

ಅವಳು ಕಾಫಿಹಣ್ಣಿನ ಅಂಟುಗೈಯನ್ನು ಚೊಂಬಿನ ನೀರಿನಲ್ಲಿ ತೊಳೆದು, ಸೆರಗಿಗೆ ಒರೆಸಿ, ಕಾರ್ಡು ತೆಗೆದುಕೊಂಡಳು. ಅಂಚನ್ನು ಉಗುರಿನಿಂದ ಗೀರಿ ನೋಡಿದಳು. ಜೆರಾಕ್ಸ್ ಅಲ್ಲ. ಆಮೇಲೆ ಅದನ್ನು ಕುಪ್ಪಸದೊಳಗೆ ಸೇರಿಸಿದಳು.