ಬಸವಪ್ರಭುವಿನ ಕರಡಿಗೆ

ಸತ್ತವನ ಊರು ಯಾವುದೆಂದು ಅವನ ಹೆಂಡತಿಯಿಂದ ಪ್ರಮಾಣ ಮಾಡಿಸಿ ಕೇಳುವ ಕೋರ್ಟೂ ಲೋಕದಲ್ಲಿದೆ ಎಂದು ಮಾಧುರಿಗೆ ಗೊತ್ತಿರಲಿಲ್ಲ. ವಿಮಾನ ನಗರದ ವಕೀಲರ ಕಚೇರಿಯಲ್ಲಿ, ಅಮೆರಿಕದವರ ಮುಖ ತೋರಿಸುವ ಪರದೆಯೆದುರು, ಅವಳು ಅತ್ತೆ ಸಾವಂತ್ರವ್ವನ ಪಕ್ಕ ಕೂತಿದ್ದಳು.

ಗಂಡ ಬಸವಪ್ರಭು ತಳೇಗಾಂವದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಯಂತ್ರ ಜೋಡಿಸಿ ಬರುತ್ತೇನೆಂದು ಅಮೆರಿಕದ ಓಹಾಯೋಗೆ ಹೋದವನು ಗ್ರೀನ್ ಕಾರ್ಡ್ ಪಡೆದು ಅಲ್ಲೇ ಉಳಿದ. ಹೋದ ವರ್ಷ ಅಲ್ಲಿಯದೇ ಒಂದು ಕಂಪನಿಯ ಕ್ರೇನ್ ಕಳಚಿಬಿದ್ದು ತೀರಿಕೊಂಡ. ಅಲ್ಲಿಯ ಕನ್ನಡದವರೇ ಮಣ್ಣು ಮಾಡಿದರು.

ವಕೀಲ ದಿಗಂಬರ ಮೊದಲೇ ತಿಳಿಸಿ ಹೇಳಿದ್ದ. "ನಿಮ್ಮ ಯಜಮಾನ್ರು ಅಮೆರಿಕಕ್ಕ ಪರದೇಶದವರು, ಕಂಪನಿ ಅಲ್ಲೀದು. ಅದಕ್ಕ ಅಲ್ಲಿ ಕೇಂದ್ರದ ಫೆಡರಲ್ ಕೋರ್ಟ್ ನಮ್ಮ ಪರಿಹಾರದ ಕೇಸ್ ತಗೊಂಡದರಿ. ಅವರು ಅಲ್ಲೇ ಕಾಯಂ ನಿಂತಿದ್ರು ಅಂತಾದ್ರ ಅವರು, ಕಂಪನಿ ಇಬ್ರೂ ಒಂದ ರಾಜ್ಯದವರಾಗ್ತಾರ. ಆಗ ಈ ಕೋರ್ಟಿಗೆ ಅಧಿಕಾರನ ಇಲ್ಲ. ಮತ್ತ ರಾಜ್ಯದ ಕೋರ್ಟಿನ್ಯಾಗ ಮೊದಲಿಂದ ಶುರು. ತಿರುಗಿ ಬರೋರಿದ್ರು ಅನ್ರಿ, ಸಾಕು."

ಅದೇನು ಕಷ್ಟದ ಮಾತಲ್ಲ. ಗಂಡ ಬಿಟ್ಟವಳೆಂದು ಜನ ಆಡಿಕೊಂಡಾರೆಂದು ಮಾಧುರಿ ವರ್ಷವರ್ಷವೂ ಓಣಿಗೆಲ್ಲ ಅದನ್ನೇ ಹೇಳುತ್ತ ಬಂದಿದ್ದಳು, ದೀಪಾವಳಿಗೆ ಬರ್ತಾರ, ದೀಪಾವಳಿಗೆ ಬರ್ತಾರ ಎಂದು.

ಸಾಕ್ಷಿ ಮೊದಲು ಸಾವಂತ್ರವ್ವನದು. "ನನ್ನ ಮಗಾ ಬರಾಂವನ ಇದ್ದರಿ. ಅದಕ್ಕ ತನ್ನ ಲಿಂಗಾ ದೇವರ ಜಗಲಿ ಮ್ಯಾಲ ಇಟ್ಟು ಹೋಗಿದ್ದ. ಈಗೂ ಅಲ್ಲೇ ಅದ." ಅಷ್ಟು ಹೇಳಿ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಂಗೈಯಾಗ ಲಿಂಗಾ ಇಲ್ದ, ಬರಿಗೈಲೆ ಮಣ್ಣಾಗ ಹೋತು ನನ್ನ ಕೂಸು."

ಲಿಂಗವಂತರ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಂಕಟವಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗ ಕೊನೆಗೆ ಎಡಗೈಯಲ್ಲಿ ಕೂತು ಜೊತೆಗೇ ಮಣ್ಣು ಸೇರಬೇಕು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲವಾದ್ದರಿಂದ ಸಾವಂತ್ರವ್ವ ದಿನಾ ಮಗನ ಬೆಳ್ಳಿಯ ಕರಡಿಗೆಗೆ ಮೇಲಿಂದಲೇ ವಿಭೂತಿ ಹಚ್ಚಿ, ಹೂ ಇಟ್ಟು ಅಳುತ್ತಿದ್ದಳು. ಮುಚ್ಚಳ ಒಂದು ದಿನವೂ ತೆಗೆದವಳಲ್ಲ.

ತೆಗೆದವಳು ಮಾಧುರಿ. ಈಗ ಬಿಸಿತುಪ್ಪ ಗಂಟಲಲ್ಲಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಪರದೆಯ ಮೇಲಿನ ಕಂಪನಿ ವಕೀಲ ಅವಳತ್ತ ತಿರುಗಿದ. ದುಭಾಷಿ ಹುಡುಗಿ ಕನ್ನಡದಲ್ಲಿ ಹೇಳಿದಳು: "ನಿಮ್ಮ ಗಂಡ ವಾಪಸ್ ಬರೋರಿದ್ರಾ? ಆ ಲಿಂಗ ಮನೆಯಲ್ಲೇ ಇದೆಯಾ?"

ದಿಗಂಬರ ಕಣ್ಣಲ್ಲೇ ಹೂಂ ಅನ್ನು ಎಂದ. ಪಕ್ಕದಲ್ಲಿ ಅತ್ತೆ ಇನ್ನೂ ಬಿಕ್ಕುತ್ತಿದ್ದಳು. ತನ್ನ ಮರ್ಯಾದೆಗೆ ಕಟ್ಟಿದ ಸುಳ್ಳು ಈ ಜೀವವನ್ನು ಹೀಗೆ ಅರೆಯುತ್ತಿದೆಯಲ್ಲ ಎಂದು ಮಾಧುರಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ರಿ," ಎಂದಳು. "ಕರಡಿಗಿ ಖಾಲಿ ಅದ. ಸಾಯೂಕಿಂತ ಭಾಳ ಮೊದಲ ಫೋನ್ ಮಾಡಿ, ನಾ ಇನ್ನ ಬರೂದಿಲ್ಲ, ಇದ ನನ್ನ ಊರು, ಲಿಂಗಾ ಕಳಸು ಅಂದ್ರು. ಅರಿವ್ಯಾಗ ಸುತ್ತಿ, ಹೋಗೋರ ಕೈಯಾಗ ಕಳಿಸೀನಿ."

ದಿಗಂಬರ ಪೆನ್ನು ಕೆಳಗಿಟ್ಟ. ವರ್ಷದ ಕೆಲಸ ನೀರಲ್ಲಿ ಹೋಮವಾಗಿತ್ತು. ಪರದೆಯಲ್ಲಿ ಕಂಪನಿ ವಕೀಲ ಥ್ಯಾಂಕ್ಯೂ ಎಂದ.

ಸಾವಂತ್ರವ್ವ ಮಾತ್ರ ಸೊಸೆಯ ರಟ್ಟೆ ಗಟ್ಟಿಯಾಗಿ ಹಿಡಿದಿದ್ದಳು. "ಅಂದ್ರ ಮಣ್ಣು ಮಾಡೂ ಮುಂದ…?"

"ಎಡಗೈಯಾಗ ಇಟ್ಟಾರತ್ತಿ. ಇಟ್ಟವರ ನನಗ ಹೇಳ್ಯಾರ."

ಮುದುಕಿ ರಟ್ಟೆ ಬಿಟ್ಟಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಮಾಧುರಿ ತಲೆ ತಗ್ಗಿಸಿದಳು.

"ಬರಾಂವ ಇರಲಿಲ್ಲಂದ್ರ ಹೋಗ್ಲಿ ಬಿಡ, ಬರಿಗೈಲೆ ಅಂತೂ ಹೋಗಿಲ್ಲಲ್ಲ," ಎಂದಳು ಸಾವಂತ್ರವ್ವ. ಆಮೇಲೆ ದನಿ ಒಡೆಯಿತು. "ವರ್ಷಾತು, ನಾ ಕಣ್ಣ ಮುಚ್ಚಿಲ್ಲ. ಇದೊಂದು ಮಾತು ಮೊದಲ ಹೇಳಬಾರದಾಗಿತ್ತೇನವಾ, ನನ್ನ ತಾಯಿ?"